ಇಮ್ಯಾಟಿನಿಬ್ ನುಂಗ್ಕೊಂಡು ಮೈಸೂರಲ್ಲಿ ಓಡೋದು: ಕೆರೆ, ಓವಲ್ ಗ್ರೌಂಡ್, ಬೆಟ್ಟ, ಟ್ರೆಡ್‌ಮಿಲ್

ನಂಗೆ ಸಿಎಂಎಲ್ ಇದೆ, ಬ್ಲಡ್ ಕ್ಯಾನ್ಸರಲ್ಲಿ ನಿಧಾನವಾಗಿ ಸಾಗೋ ಜಾತಿದು. ದಿನಾ ಅದನ್ನ ಹಿಡಿತದಲ್ಲಿಡೋ ಇಮ್ಯಾಟಿನಿಬ್ 400 ಎಂಜಿ ಒಂದು ಮಾತ್ರೆ, ಮೂರು ತಿಂಗಳಿಗೊಂದ್ಸಲ ಬಿಸಿಆರ್-ಎಬಿಎಲ್ ಟೆಸ್ಟು (ಕ್ಯಾನ್ಸರಿನ ಜೀನ್ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡೋದು), ಮಿಕ್ಕಿದ್ದೆಲ್ಲ ಮಾಮೂಲಿ ಬದುಕು. ಓಡ್ತೀನಿ ಅಂದ್ರೆ ಅರ್ಧ ಜನ "ಓಡಮ್ಮ, ನೋಡೋಕೆ ಚೆನ್ನಾಗೇ ಇದೀಯಲ್ಲ" ಅಂತಾರೆ, ಇನ್ನರ್ಧ ಜನ ಕಣ್ಣು ಕೆಕ್ಕರಿಸ್ಕೊಂಡು "ಯಜಮಾನ್ರಿಗೆ ಗೊತ್ತಾ?" ಅಂತ ಕೇಳ್ತಾರೆ. ಗೊತ್ತು, ಸ್ಕೂಟರಲ್ಲಿ ಡ್ರಾಪ್ ಮಾಡೋದೇ ಅವ್ರು.

ಕಾಯಿಲೆ ಇದೆ ಅಂತ ಹೊಸದಾಗಿ ಗೊತ್ತಾದೋರು ಮಾತ್ರ ಇದನ್ನ ಓದಿ ನಾಳೆನೇ ಶೂ ಹಾಕ್ಕೊಂಡು ಹೊರಡ್ಬೇಡಿ. ಈ ಕಾಯಿಲೆಲಿ ಶುರುನಲ್ಲಿ ತುಂಬ ಜನಕ್ಕೆ ಸ್ಪ್ಲೀನ್, ಅಂದ್ರೆ ಗುಲ್ಮ, ಊದ್ಕೊಂಡಿರುತ್ತೆ, ಎಡಗಡೆ ಪಕ್ಕೆಲುಬಿನ ಕೆಳಗೆ ಭಾರ ಭಾರ ಅನ್ಸುತ್ತೆ, ಊಟ ಎರಡು ತುತ್ತಿಗೇ ಸಾಕು ಅನ್ಸುತ್ತೆ, ಅಂಥಾದ್ರಲ್ಲಿ ಬಿದ್ದು ಪೆಟ್ಟಾದ್ರೆ ಅದು ಒಡೆಯೋ ಅಪಾಯ ಇದೆ. ಡಾಕ್ಟ್ರು ಹೊಟ್ಟೆ ಒತ್ತಿ ನೋಡಿ, ರಕ್ತ ಹೆಪ್ಪುಗಟ್ಟಿಸೋ ಕಣ ಪ್ಲೇಟ್‌ಲೆಟ್ ನೋಡಿ, ಸರಿ ಅನ್ನೋವರೆಗೂ ನಡಿಗೆ ಸಾಕು.

ಈಗ ಜಾಗಗಳು. ಕುಕ್ಕರಹಳ್ಳಿ ಕೆರೆ ಅಂದ್ರೆ ಮೈಸೂರಲ್ಲಿ ಎಲ್ಲರಿಗೂ ಪ್ರೀತಿ, ನಂಗೂ. ಮಣ್ಣು ದಾರಿ, ಮರದ ನೆರಳು, ಹೆಜ್ಜಾರ್ಲೆಗಳು ನೀರಿಗೆ ಇಳಿಯೋದು ನೋಡ್ತಾ ಓಡಿದ್ರೆ ಸುಸ್ತೇ ಗೊತ್ತಾಗಲ್ಲ, ಕಾಲಿಗೂ ಟಾರ್ ರೋಡಿಗಿಂತ ಮೆತ್ತಗೆ. ಆದ್ರೆ ಸುತ್ತು ಹೆಚ್ಚುಕಮ್ಮಿ ಐದು ಕಿಲೋಮೀಟರ್ ಹತ್ರ, ಒಂದ್ಸಲ ಅರ್ಧಕ್ಕೆ ಬಂದ್ರೆ ಮುಂದೆ ಹೋದ್ರೂ ಅಷ್ಟೇ ದೂರ, ವಾಪಸ್ ಬಂದ್ರೂ ಅಷ್ಟೇ ದೂರ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ್ದು ಬೇಸಾಯದ ನೀರಿಗೆ, ಓಡೋರಿಗಲ್ಲ, ಶಾರ್ಟ್‌ಕಟ್ ಎಲ್ಲಿಂದ ಬರ್ಬೇಕು! ಆರೋಗ್ಯವಾಗಿರೋರಿಗೆ ಇದೊಂದು ವಿಷ್ಯವೇ ಅಲ್ಲ. ಇಮ್ಯಾಟಿನಿಬ್ ನುಂಗೋರಿಗೆ ಇದೇ ವಿಷ್ಯ, ಯಾಕಂದ್ರೆ ನಮ್ಮ ಸುಸ್ತು ಹೇಳಿ ಕೇಳಿ ಬರಲ್ಲ, ಸ್ವಿಚ್ ಆಫ್ ಮಾಡ್ದಂಗೆ ಬರುತ್ತೆ, ಮತ್ತೆ ನಾಚಿಕೆ ಬಿಟ್ಟು ಹೇಳ್ಬೇಕು ಅಂದ್ರೆ ಈ ಮಾತ್ರೆಗೆ ಲೂಸ್ ಮೋಷನ್ ಕೂಡ ಆಗುತ್ತೆ, ಅದು ಕೆರೆಯ ಆಚೆ ದಂಡೇಲಿದ್ದಾಗ ನೆನಪಾದ್ರೆ ಹೆಜ್ಜಾರ್ಲೆ ಯಾರಿಗೆ ಬೇಕು.

ಅದಕ್ಕೇ ನಾನು ಓವಲ್ ಗ್ರೌಂಡಿಗೆ ಬಿದ್ದಿದ್ದು. ನೋಡೋಕೆ ಏನಿಲ್ಲ ಅಲ್ಲಿ, ಸುತ್ತಿದ್ದಲ್ಲೇ ಸುತ್ತೋದು, ಬಿಸಿಲೇರಿದ್ರೆ ನೆರಳಿಲ್ಲ, ಸಂಜೆ ಹೋದ್ರೆ ಹುಡುಗ್ರ ಕ್ರಿಕೆಟ್ ಬಾಲು ಎಲ್ಲಿಂದ ಬರುತ್ತೋ ಗೊತ್ತಿಲ್ಲ. ಆದ್ರೆ ಎಲ್ಲಿ ನಿಂತ್ರೂ ಗೇಟು ಕಣ್ಣಿಗೆ ಕಾಣುತ್ತೆ, ಸಾಕಾಯ್ತು ಅಂದ್ರೆ ಐದು ನಿಮಿಷದಲ್ಲಿ ಗಾಡಿ ಮೇಲಿರ್ತೀನಿ. ಈ ಒಂದು ಧೈರ್ಯದಿಂದ ಓಟನೇ ಬೇರೆ ಆಯ್ತು, ಕೆರೇಲಿ ಮುಗಿಸೋಕಾಗುತ್ತೋ ಇಲ್ವೋ ಅಂತ ಹೆದರ್ಕೊಂಡು ಓಡ್ತಿದ್ದವಳು ಇಲ್ಲಿ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಅಂತ ಲೆಕ್ಕ ಹಾಕಿದ್ರೆ ಕೆರೆಗಿಂತ ಜಾಸ್ತಿನೇ ಓಡಿರ್ತೀನಿ.

ಚಾಮುಂಡಿ ಬೆಟ್ಟದ ಮೆಟ್ಲು ಬಗ್ಗೆ ಕೇಳೋರು ಜಾಸ್ತಿ, ಸಾವಿರ ಚಿಲ್ರೆ ಮೆಟ್ಲು, ಗಟ್ಟಿ ಇರೋರು ಓಡ್ಕೊಂಡೇ ಹತ್ತುತಾರೆ. ನನ್ನ ಹಿಮೋಗ್ಲೋಬಿನ್ ಹತ್ತರ ಆಸುಪಾಸಲ್ಲೇ ಇರೋದು, ರಕ್ತ ಕಮ್ಮಿ ಇದ್ದಾಗ ಅದೇ ಕೆಲ್ಸಕ್ಕೆ ಹೃದಯ ಜಾಸ್ತಿ ಬಡ್ಕೋಬೇಕು, ನಂದಿ ತಲುಪೋ ಹೊತ್ತಿಗೇ ಕಿವಿಯಲ್ಲಿ ಡಬ ಡಬ ಅಂತ ಕೇಳ್ಸುತ್ತೆ. ಹತ್ತೋದು ಹೋಗ್ಲಿ, ಇಳಿಯೋದು ಇನ್ನೂ ಕಷ್ಟ, ಇಳಿದ ರಾತ್ರಿ ಮೀನಖಂಡ ಹಿಡ್ಕೊಂಡು ಎದ್ದು ಕೂರೋ ಹಂಗಾಗುತ್ತೆ. ಬೆಟ್ಟಕ್ಕೆ ಈಗ್ಲೂ ಹೋಗ್ತೀನಿ, ತಾಯಿ ದರ್ಶನಕ್ಕೆ, ಬಸ್ಸಲ್ಲಿ.

ಟ್ರೆಡ್‌ಮಿಲ್ ಬೋರು. ಪಕ್ಕದಲ್ಲೇ ಟಾಯ್ಲೆಟ್ ಇರುತ್ತೆ, ಮಳೆಗಾಲಕ್ಕೆ ಸರಿ. ಬಿಳಿರಕ್ತ ಕಣ ತೀರಾ ಇಳಿದಿದೆ ಅಂತ ರಿಪೋರ್ಟ್ ಬಂದಾಗ ಮಾತ್ರ ಸೋಂಕಿನ ಭಯಕ್ಕೆ ಜಿಮ್ಮಿನ ಆ ಬೆವರಿನ ಗುಂಪಿಗೆ ಹೋಗಲ್ಲ.

ಜಾಗಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಮಾತ್ರೆ ಟೈಮು. ಇದನ್ನ ಹೊಟ್ಟೆ ತುಂಬ ತಿಂದು ದೊಡ್ಡ ಲೋಟ ನೀರಿನ ಜೊತೆ ತಗೋಬೇಕು, ಇಲ್ಲಾಂದ್ರೆ ಹೊಟ್ಟೆ ತೊಳೆಸುತ್ತೆ. ಮೊದಲು ಬೆಳಿಗ್ಗೆ ತಿಂಡಿ ಆದ್ಮೇಲೆ ನುಂಗಿ ಸಂಜೆ ಓಡ್ತಿದ್ದೆ, ದಿನದ ಸುಸ್ತೆಲ್ಲ ಸೇರ್ಕೊಂಡು ಸಂಜೆಗೆ ಕಾಲು ಏಳ್ತಿರ್ಲಿಲ್ಲ. ಆಮೇಲೆ ಬೆಳಿಗ್ಗೆ ಓಡಿ ಬಂದು ತಿಂಡಿ ಮಾತ್ರೆ ಅಂತ ಮಾಡ್ದೆ, ಓಟ ಚೆನ್ನಾಗಾಯ್ತು, ಆಫೀಸಲ್ಲಿ ಹನ್ನೊಂದು ಗಂಟೆಗೆ ವಾಕರಿಕೆ. ಈಗ ಡಾಕ್ಟ್ರನ್ನ ಕೇಳಿ ರಾತ್ರಿಗೆ ಹಾಕೊಂಡಿದೀನಿ, ಬೇಗ ಊಟ ಮಾಡಿ ನುಂಗಿ ಎರಡು ಗಂಟೆ ಬಿಟ್ಟು ಮಲ್ಕೊಳ್ಳೋದು. ಬೆಳಿಗ್ಗೆ ಕಣ್ಣಿನ ಸುತ್ತ ಊದಿರುತ್ತೆ, ಕನ್ನಡಿ ನೋಡೋ ಹಾಗಿರಲ್ಲ, ಆದ್ರೆ ಹೊಟ್ಟೆ ಶಾಂತ, ಕಾಲು ಹಗುರ. ಮೂರರಲ್ಲಿ ಇದೇ ವಾಸಿ. ನೀವು ನೀವೇ ಟೈಮ್ ಬದಲಾಯಿಸ್ಬೇಡಿ, ಮತ್ತೆ ಓಟಕ್ಕೋಸ್ಕರ ಒಂದು ದಿನದ ಮಾತ್ರೆ ಬಿಡೋ ಐಡಿಯಾ ಇದ್ರೆ ಅದನ್ನಂತೂ ಇವತ್ತೇ ಬಿಟ್ಬಿಡಿ. 2013ರಲ್ಲಿ ಸುಪ್ರೀಂ ಕೋರ್ಟು ಇದರ ಪೇಟೆಂಟ್ ಕೇಸಲ್ಲಿ ನೊವಾರ್ಟಿಸ್ ಕಂಪನಿ ಕಡೆ ತೀರ್ಪು ಕೊಟ್ಟಿದ್ರೆ ನಮ್ಮಂಥೋರು ಬೇರೆ ಕಂಪನಿಗಳು ಮಾಡೋ ಇಷ್ಟು ಅಗ್ಗದ ಜನರಿಕ್ ಮಾತ್ರೆ ದಿನಾ ನುಂಗೋದೇ ಕಷ್ಟ ಇತ್ತು.

ನಿಲ್ಲಿಸ್ದೆ ಓಡೋದಾ, ಓಡಿ ನಡೆದು ಓಡೋದಾ? ಎರಡೂ ಮಾಡಿದೀನಿ. ನಿಲ್ಲಿಸ್ದೆ ಓಡಿದ ದಿನ ಮನಸ್ಸಿಗೆ ಖುಷಿ, ರಾತ್ರಿ ಕ್ರಾಂಪ್. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಅಂತ ಮಾಡಿದ್ರೆ ದೂರ ಅಷ್ಟೇ ಆಗುತ್ತೆ, ಕ್ರಾಂಪ್ ಕಮ್ಮಿ, ಪಕ್ಕದೋರ ಹತ್ರ ಮಾತಾಡೋಕೂ ಉಸಿರಿರುತ್ತೆ. ವಾಚಿನ ಹಾರ್ಟ್ ರೇಟಿಗಿಂತ ನಂಗೆ ಈ ಮಾತಾಡೋ ಪರೀಕ್ಷೆನೇ ನಂಬಿಕೆ. ಕ್ರಾಂಪ್ ತೀರಾ ಕಾಡಿದ್ರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಚೆಕ್ ಮಾಡ್ಸಿ, ನೋವಿನ ಮಾತ್ರೆ ಮಾತ್ರ ಕೇಳ್ದೆ ನುಂಗ್ಬೇಡಿ, ಕೆಲವು ಪ್ಲೇಟ್‌ಲೆಟ್ ಕೆಲ್ಸಕ್ಕೆ ಅಡ್ಡ ಬರ್ತವೆ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಜೋರಾಗಿ ಓಡಿದ ಮೇಲೆ ಯಾರಿಗೇ ಆಗ್ಲಿ ಬಿಳಿರಕ್ತ ಕಣದ ಲೆಕ್ಕ ಸ್ವಲ್ಪ ಹೊತ್ತು ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಬೇರೆಯೋರಿಗೆ ಅದು ಗೊತ್ತೂ ಆಗಲ್ಲ, ನಮಗೆ ಸಿಬಿಸಿ (ರಕ್ತ ಕಣಗಳ ಲೆಕ್ಕ) ರಿಪೋರ್ಟಲ್ಲಿ ಆ ನಂಬರ್ ಮೇಲಿದೆ ಅಂದ್ರೆ ಜೀವನೇ ಬಾಯಿಗೆ ಬರುತ್ತೆ. ಗ್ರೌಂಡಿಂದ ಸೀದಾ ಲ್ಯಾಬಿಗೆ ಹೋಗ್ಬೇಡಿ. ನಾನು ರಕ್ತ ಕೊಡೋ ಹಿಂದಿನ ದಿನನೂ ಅವತ್ತೂ ಬರೀ ನಡೀತೀನಿ, ಕೆರೆ ಸುತ್ತ, ಅದೂ ಗೇಟಿಂದ ಸ್ವಲ್ಪ ದೂರ ಹೋಗಿ ವಾಪಸ್.