ಈಕ್ವಲ್ಸ್‌ವೆರಿಫೈಯರ್: ತಕರಾರು ಜಾಸ್ತಿ, ಆದ್ರೂ ಇಟ್ಕೊಳ್ಳಿ

ಜಾವಾದಲ್ಲಿ ಕೈಯಾರೆ ಈಕ್ವಲ್ಸ್ (ಎರಡು ಆಬ್ಜೆಕ್ಟ್ ಒಂದೇನಾ ಅಂತ ಹೇಳೋ ಮೆಥಡ್) ಬರೆದು, ಎರಡು ಅಸರ್ಟ್ (ಉತ್ತರ ಸರಿ ಇದೆಯಾ ಅಂತ ನೋಡೋ ಸಾಲು) ಹಾಕಿ ಟೆಸ್ಟ್ ಆಯ್ತು ಅಂತ ಎದ್ದು ಹೋಗೋರು ಒಂದ್ಸಲ ಅದನ್ನ ಪರೀಕ್ಷಿಸೋ ಈಕ್ವಲ್ಸ್‌ವೆರಿಫೈಯರ್ ಲೈಬ್ರರಿ ಓಡಿಸಿ ನೋಡಿ. ಓಪನ್ ಸೋರ್ಸ್, ದುಡ್ಡು ಕೊಡ್ಬೇಕಿಲ್ಲ. ಫಾರ್‌ಕ್ಲಾಸ್‌ಗೆ ನಿಮ್ಮ ಕ್ಲಾಸ್ ಕೊಟ್ಟು ವೆರಿಫೈ ಅಂದ್ರೆ ಸಾಕು, ಒಂದೇ ಲೈನು, ಆಮೇಲೆ ತಾನೇ ಆಬ್ಜೆಕ್ಟ್‌ಗಳನ್ನ ಹುಟ್ಟಿಸಿಕೊಂಡು ಒಂದೊಂದೇ ಫೀಲ್ಡ್ ಬದಲಾಯಿಸ್ತಾ ಬೀಗರ ಥರ ತಪ್ಪು ಹುಡುಕೋಕೆ ಶುರು ಮಾಡುತ್ತೆ.

ನಲ್ (ಖಾಲಿ ಬೆಲೆ) ಕೊಟ್ರೆ ಎಕ್ಸೆಪ್ಷನ್ ಬರೋದು, ಈಕ್ವಲ್ಸ್‌ನಲ್ಲಿ ಇಲ್ಲದ ಫೀಲ್ಡ್ ಹ್ಯಾಶ್‌ಕೋಡಲ್ಲಿ (ಆಬ್ಜೆಕ್ಟನ್ನ ಬೇಗ ಹುಡುಕೋಕೆ ಫೀಲ್ಡ್‌ಗಳಿಂದ ಲೆಕ್ಕ ಹಾಕೋ ನಂಬರ್) ಇರೋದು, ಹೊಸದಾಗಿ ಸೇರಿಸಿದ ಫೀಲ್ಡ್ ಈಕ್ವಲ್ಸ್‌ನಲ್ಲಿ ಬಿಟ್ಟುಹೋಗಿರೋದು, ಎಲ್ಲಾ ಹಿಡಿಯುತ್ತೆ. ಎ ಈಕ್ವಲ್ಸ್ ಬಿ ನಿಜ, ಬಿ ಈಕ್ವಲ್ಸ್ ಎ ಸುಳ್ಳು ಅನ್ನೋ ಕಥೇನೂ ಅಷ್ಟೇ. ಇದೆಲ್ಲ ಯಾರು ಮಾಡ್ತಾರೆ ಅನ್ಬೇಡಿ, ಜಾವಾದ ಸ್ವಂತ ಲೈಬ್ರರಿಲೇ ಹಳೇ ಡೇಟ್ ಮತ್ತೆ ಟೈಮ್‌ಸ್ಟಾಂಪ್ ಮಧ್ಯೆ ಇದೇ ಗೋಳು ಇವತ್ತಿಗೂ ಇದೆ, ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದ್ದಾರೆ.

ನಂಗೆ ತುಂಬಾ ಹಿಡಿಸಿದ್ದು ಬಿಗ್‌ಡೆಸಿಮಲ್ (ದಶಮಾಂಶ ಸಂಖ್ಯೆಗಳನ್ನ ನಿಖರವಾಗಿ ಇಡೋ ಜಾವಾ ಟೈಪ್) ಚೆಕ್. 100.0 ಮತ್ತೆ 100.00 ಬಿಗ್‌ಡೆಸಿಮಲ್‌ನ ಈಕ್ವಲ್ಸ್ ಪ್ರಕಾರ ಬೇರೆ ಬೇರೆ, ಯಾಕಂದ್ರೆ ಅದು ಸ್ಕೇಲ್, ಅಂದ್ರೆ ದಶಮಾಂಶದ ನಂತರ ಎಷ್ಟು ಅಂಕಿ ಅನ್ನೋದನ್ನೂ ನೋಡುತ್ತೆ, ಬರೀ ಬೆಲೆ ಹೋಲಿಸೋ ಕಂಪೇರ್‌ಟು ಪ್ರಕಾರ ಎರಡೂ ಒಂದೇ. ಬಿಲ್ ಅಮೌಂಟು ಡೇಟಾಬೇಸಿಂದ ಎರಡು ದಶಮಾಂಶದಲ್ಲಿ ಬಂದು, ಜೇಸನ್‌ನಿಂದ ಒಂದರಲ್ಲಿ ಬಂದ್ರೆ ಒಂದೇ ಬಿಲ್ಲು ಎರಡಾಗಿ, ಒಂದೇ ವಸ್ತು ಎರಡು ಸಲ ಇರಬಾರದ ಹ್ಯಾಶ್‌ಸೆಟ್ ಒಳಗೆ ಕೂತಿರುತ್ತೆ, ಯಾರಿಗೂ ಗೊತ್ತೇ ಆಗಲ್ಲ. ಈ ಲೈಬ್ರರಿ ಟೆಸ್ಟನ್ನ ಅಲ್ಲೇ ಫೇಲ್ ಮಾಡಿ, ಕಂಪೇರ್‌ಟು ಬಳಸು ಅನ್ನುತ್ತೆ. ಹಾಗೆ ಮಾಡಿದ್ಮೇಲೆ ಹ್ಯಾಶ್‌ಕೋಡಲ್ಲೂ ಕೊನೇ ಸೊನ್ನೆಗಳನ್ನ ತೆಗೀಬೇಕು, ಅದನ್ನೂ ಬಿಡಲ್ಲ. ರೆಕಾರ್ಡ್ (ಈಕ್ವಲ್ಸ್, ಹ್ಯಾಶ್‌ಕೋಡ್ ತಾನಾಗೇ ಬರೋ ಜಾವಾ ಕ್ಲಾಸ್) ಬಳಸ್ತೀವಿ ನಮಗೇನು ಅನ್ನೋರೂ ಕೇಳಿ, ರೆಕಾರ್ಡಿಗೆ ತಾನಾಗೇ ಬರೋ ಈಕ್ವಲ್ಸ್ ಒಳಗಿನ ಬಿಗ್‌ಡೆಸಿಮಲ್‌ನ ಈಕ್ವಲ್ಸನ್ನೇ ಕರೆಯೋದು, ಹಾಗಾಗಿ ಅಲ್ಲೂ ಇದೇ ತೊಂದರೆ.

ಇನ್ನು ಕಿರಿಕಿರಿ ವಿಷಯ. ಕ್ಲಾಸ್ ಫೈನಲ್ ಅಲ್ಲ (ಅದರಿಂದ ಬೇರೆ ಕ್ಲಾಸ್ ಹುಟ್ಟಿಸಬಹುದು), ಫೀಲ್ಡ್ ಫೈನಲ್ ಅಲ್ಲ (ಆಮೇಲೆ ಬದಲಾಯಿಸಬಹುದು) ಅಂತ ಮೊದಲ ದಿನವೇ ಸಾಲುಗಟ್ಟಿ ಕೆಂಪು ಮಾಡುತ್ತೆ. ಕಾರಣ ಸರಿಯೇ, ಸೆಟ್‌ಗೆ ಹಾಕಿದ್ಮೇಲೆ ಫೀಲ್ಡ್ ಬದಲಾದ್ರೆ ಹ್ಯಾಶ್ ಬದಲಾಗಿ ಆ ಆಬ್ಜೆಕ್ಟ್ ಅಲ್ಲೇ ಇದ್ರೂ ಸಿಗಲ್ಲ, ಆದ್ರೆ ಹಳೇ ಕೋಡ್‌ಬೇಸ್ ಇಟ್ಕೊಂಡೋರಿಗೆ ಇಷ್ಟೊಂದು ಮಡಿ ತಡ್ಕೊಳ್ಳೋಕಾಗಲ್ಲ. ಅಂಥೋರು ಸಿಂಪಲ್ ಅನ್ನೋ ಮೋಡಲ್ಲಿ ಶುರು ಮಾಡಿ, ಈ ಎರಡೂ ತಕರಾರು ನಿಲ್ಲುತ್ತೆ. ತನ್ನನ್ನೇ ಒಳಗಿಟ್ಕೊಂಡಿರೋ ಟ್ರೀ ನೋಡ್ ಥರದ ಕ್ಲಾಸಿಗೆ ಮಾತ್ರ ಸ್ಯಾಂಪಲ್ ಆಬ್ಜೆಕ್ಟ್‌ಗಳನ್ನ ನಾವೇ ಕೊಡ್ಬೇಕು, ಅದು ಸ್ವಲ್ಪ ಬೋರು. ಎರರ್ ಮೆಸೇಜುಗಳು ಮಾತ್ರ ಚೆನ್ನಾಗಿವೆ, ಯಾವ ಫೀಲ್ಡು ಅಂತ ಹೆಸರು ಹಿಡಿದೇ ಹೇಳುತ್ತೆ.

ಎರಡು ಕಸ್ಟಮರ್ ದಾಖಲೆ ಒಂದೇ ಅನ್ನೋಕೆ ಫೋನ್ ನಂಬರ್ ಸಾಕಾ, ಹೆಸರೂ ಬೇಕಾ ಅನ್ನೋದು ಇದಕ್ಕೆ ಗೊತ್ತಾಗಲ್ಲ, ಅದನ್ನ ಬಿಸಿನೆಸ್ ಟೀಮ್ ಹತ್ರಾನೇ ಕೂತು ಕೇಳ್ಬೇಕು. ಬರೀ ಸ್ಟ್ರಿಂಗು (ಪಠ್ಯ), ಇಂಟು (ಪೂರ್ಣಾಂಕ) ಇರೋ ರೆಕಾರ್ಡುಗಳಷ್ಟೇ ನಿಮ್ಮಲ್ಲಿದ್ರೆ ಇದು ಬೇಡವೇ ಬೇಡ. ಮಿಕ್ಕೋರಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು.