ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ದಾರ, ನಕಾಶೆ, ಎಕ್ಸೆಲ್

ಅಣ್ಣನ ಮಗಳು ಓದಲು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದಾಳೆ. ಬೆಂಗಳೂರಿಂದ ಅಲ್ಲಿಗೆ ವಿಮಾನದ ದೂರ ಎಷ್ಟು ಅಂತ ಹುಬ್ಬಳ್ಳಿಯ ಮನೆಯಲ್ಲೇ ಕೂತು ಬೇರೆ ಬೇರೆ ತರ ಅಳೆದು ನೋಡಿದೆವು.

ಮೊದಲು ಗೋಡೆ ನಕಾಶೆ. ಇದನ್ನು ನಂಬಲೇಬೇಡಿ. ನಮ್ಮ ಕಡೆ ಸಿಗುವ ನಕಾಶೆಗಳಲ್ಲಿ ಅಮೆರಿಕ ಎಡಕ್ಕೆ, ನಾವು ಬಲಕ್ಕೆ. ಪಟ್ಟಿ ಇಟ್ಟು ಗೆರೆ ಎಳೆದು, ಸಮಭಾಜಕದ ಅಳತೆಯಲ್ಲಿ ಲೆಕ್ಕ ಹಾಕಿದರೆ 22 ಸಾವಿರ ಕಿ.ಮೀ. ದಾಟುತ್ತದೆ. ಭೂಮಿಯ ಸುತ್ತಳತೆಯೇ ಸುಮಾರು 40 ಸಾವಿರ. ಅಂದಮೇಲೆ ಯಾವ ಎರಡು ಊರಿನ ನಡುವೆಯೂ 20 ಸಾವಿರಕ್ಕಿಂತ ಅಷ್ಟೊಂದು ಜಾಸ್ತಿ ದೂರ ಇರೋಕೆ ಸಾಧ್ಯವೇ ಇಲ್ಲ, ಅಲ್ವಾ?

ನನಗೆ ಹಿಡಿಸಿದ್ದು ಗ್ಲೋಬು ಮತ್ತು ಹೊಲಿಯುವ ದಾರ. ಎರಡೂ ಊರಿನ ಮೇಲೆ ಬೆರಳೊತ್ತಿ ದಾರ ಬಿಗಿಯಾಗಿ ಎಳೆಯಿರಿ. ದಾರ ತಾನೇ ಜಾರಿ ಹತ್ತಿರದ ಹಾದಿಗೆ ಬಂದು ನಿಲ್ಲುತ್ತದೆ. ನಮ್ಮದು ಪೂರ್ವಕ್ಕೂ ಹೋಗಲಿಲ್ಲ, ಪಶ್ಚಿಮಕ್ಕೂ ಹೋಗಲಿಲ್ಲ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹಾಯ್ದು, 71 ಡಿಗ್ರಿ ಉತ್ತರದವರೆಗೆ ಏರಿ, ಅಲಾಸ್ಕಾ ಮೇಲಿಂದ ಇಳಿಯಿತು. "ಕಾಕಾ, ಅಮೆರಿಕಾಕ ಹೋಗಾಕ ಟಿಬೆಟ್ ಮ್ಯಾಲೆ ಹಾಯಬೇಕ?" ಅಂದಳು ಹುಡುಗಿ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ 1 ಸೆಂ.ಮೀ. ಅಂದ್ರೆ ಸುಮಾರು 425 ಕಿ.ಮೀ. ದಾರ 33 ಸೆಂ.ಮೀ. ಬಂತು, ಅಂದರೆ 14 ಸಾವಿರ. ತೊಂದರೆ ಒಂದೇ: ಎರಡು ಮಿ.ಮೀ. ಆಚೀಚೆ ಆದರೆ 85 ಕಿ.ಮೀ. ಹೋಯ್ತು. ಸ್ವಲ್ಪ ಹಿಗ್ಗುವ ದಾರವಂತೂ ಬೇಡವೇ ಬೇಡ.

ಎಕ್ಸೆಲ್‌ನಲ್ಲಿ ಹ್ಯಾವರ್‌ಸೈನ್ ಸೂತ್ರ (ಎರಡು ಜಾಗಗಳ ಅಕ್ಷಾಂಶ, ರೇಖಾಂಶದಿಂದ ಚೆಂಡಿನ ಮೇಲಿನ ದೂರ ತೆಗೆಯುವ ಲೆಕ್ಕ) ಹಾಕಿದರೆ 13,990ರ ಆಸುಪಾಸು ಬರುತ್ತದೆ. ಅಕ್ಷಾಂಶ, ರೇಖಾಂಶಗಳನ್ನು ಡಿಗ್ರಿಯಿಂದ ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆಗೆ) ತಿರುಗಿಸಲೇಬೇಕು, ಇಲ್ಲದಿದ್ದರೆ ಏನೇನೋ ಬರುತ್ತದೆ. ಈ ಸೂತ್ರ ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಚೆಂಡು ಅಂತ ತಿಳಿಯುತ್ತದೆ. ನಿಜದಲ್ಲಿ ಸಮಭಾಜಕದಲ್ಲಿ 6,378, ಧ್ರುವದಲ್ಲಿ 6,357, ಅಂದರೆ ಭೂಮಿ ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ.

ಆ ಚಪ್ಪಟೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ವೆಬ್‌ಸೈಟ್. ಬಿಎಲ್‌ಆರ್, ಎಸ್‌ಎಫ್‌ಒ ಅಂತ ಎರಡೂ ವಿಮಾನ ನಿಲ್ದಾಣಗಳ ಕೋಡ್ ಹೊಡೆದರೆ ಸಾಕು. ಬರೀ ಸಂಖ್ಯೆ ಬೇಕಿದ್ದರೆ ಇದೇ ಸಾಕು, ಎಕ್ಸೆಲ್ ಗೋಜು ಬೇಡ. ಆದರೆ ಉತ್ತರ ಮೈಲಿನಲ್ಲಿದೆಯೋ ಕಿಲೋಮೀಟರಿನಲ್ಲೋ ನೋಡಿಕೊಳ್ಳಿ. ನಾಟಿಕಲ್ ಮೈಲು ಅಂದ್ರೆ 1.852 ಕಿ.ಮೀ., ಸಾದಾ ಮೈಲಿಗಿಂತ ದೊಡ್ಡದು.

ಫ್ಲೈಟ್‌ರಾಡಾರ್24 ಅನ್ನುವ ಆ್ಯಪ್ ಈ ಸಾಲಿಗೆ ಸೇರುವುದೇ ಇಲ್ಲ. ಅದು ತೋರಿಸುವುದು ವಿಮಾನ ನಿಜವಾಗಿ ಹಾರಿದ ಹಾದಿ. ಗಾಳಿ ನೋಡಿ ಹಾದಿ ಬದಲಾಗುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದೂರ ಸುಮಾರು 1,400 ಕಿ.ಮೀ. ಜಾಸ್ತಿಯಾಗಿ 15,300 ಆಯಿತು. ಆದರೂ ಹಿಂದಿನಿಂದ ಗಾಳಿ ತಳ್ಳಿದ್ದರಿಂದ ಬೇಗ ಮುಟ್ಟಿತು. ಮಗಳು ಎಷ್ಟು ಹೊತ್ತಿಗೆ ಇಳಿಯುತ್ತಾಳೆ ಅಂತ ಅಣ್ಣ ಕೇಳಿದಾಗ ನಾನು ತೆರೆಯುವುದು ಇದನ್ನೇ.