ಸಿನಿಮಾಗೆ ಸ್ಟಾರ್ ಕೊಟ್ಟರೆ ದುಡ್ಡು ಕೊಡ್ತೀವಿ ಅಂದವರನ್ನು ನಂಬಬೇಡಿ

"ಮನೆಯಲ್ಲೇ ಕೂತು ಹೊಸ ಸಿನಿಮಾಗಳಿಗೆ ರೇಟಿಂಗ್ ಕೊಡಿ, ದಿನಕ್ಕೆ ಎರಡು ಸಾವಿರದಿಂದ ಐದು ಸಾವಿರದವರೆಗೆ ಗಳಿಸಿ" ಎಂಬ ಮೆಸೇಜ್ ನಿಮ್ಮ ವಾಟ್ಸಾಪ್‌ಗೋ ಟೆಲಿಗ್ರಾಮ್‌ಗೋ ಬಂದಿದ್ದರೆ ಉತ್ತರ ಕೊಡಬೇಡಿ. ಈಗಾಗಲೇ ಸೇರಿಕೊಂಡು ದುಡ್ಡು ಹಾಕಿದ್ದೀರಿ ಅಂತಾದರೆ ಇದನ್ನು ಓದೋದು ಇಲ್ಲಿಗೇ ನಿಲ್ಲಿಸಿ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿ.

ನನ್ನ ಚಿಕ್ಕಮ್ಮನ ಮಗಳು ಈ ಜಾಲದಲ್ಲಿ 3.75 ಲಕ್ಷ ರೂಪಾಯಿ ಕಳೆದುಕೊಂಡಳು. ಹೆಸರು ಬೇಡ, ಆದರೆ ನಡೆದದ್ದನ್ನೆಲ್ಲ ಬಿಡಿಸಿ ಬರಿ ಅಣ್ಣ ಎಂದಿದ್ದಾಳೆ. ಹಾಗಾಗಿ ಬರೆಯುತ್ತಿದ್ದೇನೆ.

ಅವಳಿಗೆ ಸಿನಿಮಾ ಎಂದರೆ ಪ್ರಾಣ. ಕಾಲೇಜಿನ ದಿನಗಳಿಂದಲೂ ನೋಡಿದ ಪ್ರತಿ ಚಿತ್ರಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಯಾಕೆ ಅಷ್ಟು ಎಂದು ನಾಲ್ಕು ಸಾಲು ಬರೆದಿಡುವ ಅಭ್ಯಾಸ. ನಮ್ಮ ಮನೆಮಂದಿಯ ಗ್ರೂಪಿನಲ್ಲಿ ಅವಳು ಹಾಕುವ ಅಂಕ ನೋಡಿಕೊಂಡೇ ದೊಡ್ಡವರು ಟಿಕೆಟ್ ಬುಕ್ ಮಾಡುತ್ತಿದ್ದರು. ಆರೂವರೆ ಸಾಕೋ ಏಳು ಕೊಡಬೇಕೋ ಎಂದು ನನ್ನ ಜೊತೆ ಅರ್ಧ ಅಂಕಕ್ಕೆ ಗಂಟೆಗಟ್ಟಲೆ ವಾದ ಮಾಡಿದವಳು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ದಾವಣಗೆರೆಯಲ್ಲಿ ಮನೆಯಲ್ಲಿದ್ದಳು. ಅಂಥವಳಿಗೆ ಸಿನಿಮಾ ರೇಟಿಂಗ್ ಕೊಡುವ ಕೆಲಸ ಇದೆ ಎಂದು ಮೆಸೇಜ್ ಬಂದರೆ ಏನನ್ನಿಸಿರಬಹುದು ಯೋಚಿಸಿ. ತನಗೆ ಗೊತ್ತಿರುವ ವಿದ್ಯೆಗೆ ಯಾರೋ ಬೆಲೆ ಕಟ್ಟುತ್ತಿದ್ದಾರೆ ಅಂತ ಅವಳಿಗೆ ಅನ್ನಿಸಿತು.

ಮೆಸೇಜ್ ಬಂದದ್ದು ಹೊರದೇಶದ ಕೋಡ್ ಇದ್ದ ನಂಬರಿನಿಂದ. ಡಿಪಿಯಲ್ಲಿ ನಗುಮುಖದ ಹೆಣ್ಣುಮಗಳು, ಬೆಂಗಳೂರಿನ ಮೀಡಿಯಾ ಕಂಪನಿಯೊಂದರ ಎಚ್‌ಆರ್ ಎಂದು ಪರಿಚಯ. ಮೊದಲ ಕೆಲಸ ಬಲು ಸಲೀಸು. ಮೂರು ಲಿಂಕ್ ಕಳಿಸುತ್ತಾರೆ, ತೆರೆದು ಸ್ಟಾರ್ ಒತ್ತಿ ಸ್ಕ್ರೀನ್‌ಶಾಟ್ ಕಳಿಸಬೇಕು, ಒಂದಕ್ಕೆ 50 ರೂಪಾಯಿ. ಕಳಿಸಿದಳು. ಹತ್ತು ನಿಮಿಷದಲ್ಲಿ 150 ರೂಪಾಯಿ ನಿಜವಾಗಿಯೂ ಖಾತೆಗೆ ಬಂತು. ಆ ಸಂಜೆ ಮತ್ತೆ ಮೂರು, ಮತ್ತೆ 150. ನೆನಪಿಡಿ, ಈ ಮೋಸದಲ್ಲಿ ಮೊದಲು ದುಡ್ಡು ಬರುತ್ತದೆ. ದುಡ್ಡು ಬಂತಲ್ಲ, ಹಾಗಾದರೆ ನಿಜವೇ ಇರಬೇಕು ಎಂದು ನಾವು ನಂಬುವುದಕ್ಕಾಗಿಯೇ ಅವರು ಆ ಮುನ್ನೂರು ರೂಪಾಯಿ ಖರ್ಚು ಮಾಡುತ್ತಾರೆ.

ಮುಂದಿನ ಹೆಜ್ಜೆ ಟೆಲಿಗ್ರಾಮ್ ಗ್ರೂಪ್. ಅಲ್ಲಿ ಒಬ್ಬ 'ಮೆಂಟರ್', ಜೊತೆಗೆ ನೂರಾರು ಸದಸ್ಯರು. ನಿಮಿಷಕ್ಕೊಂದರಂತೆ "ಇವತ್ತು 7,800 ಬಂತು ಸರ್, ಥ್ಯಾಂಕ್ಯೂ" ಎಂದು ಬ್ಯಾಂಕಿನ ಸ್ಕ್ರೀನ್‌ಶಾಟ್‌ಗಳು. ಹೆಂಗಸರ ಹೆಸರಿನ ಖಾತೆಯೊಂದು ಪ್ರತ್ಯೇಕವಾಗಿ ಇವಳಿಗೆ ಮೆಸೇಜ್ ಮಾಡಿ, ನನಗೂ ಚಿಕ್ಕ ಮಗು ಇದೆ ಕಣ್ರೀ, ಮೊದಲು ನನಗೂ ಭಯ ಇತ್ತು, ಈಗ ಮನೆ ಬಾಡಿಗೆ ಇದರಲ್ಲೇ ಹೋಗತ್ತೆ ಎಂದು ಮಾತಾಡಿಸಿದೆ. ಆ ಗ್ರೂಪಿನಲ್ಲಿ ನಿಜವಾದ ಹೊಸಬರು ಒಬ್ಬಿಬ್ಬರು, ಉಳಿದವರೆಲ್ಲ ಅವರದೇ ಜನ. ಇಂಥ ಪ್ರಕರಣಗಳಲ್ಲಿ ಇದು ಮಾಮೂಲು ಎಂದು ಪೊಲೀಸರು ಹೇಳಿದರು.

ಆಮೇಲೆ ಒಂದು ವೆಬ್‌ಸೈಟಿನಲ್ಲಿ ಖಾತೆ ತೆರೆಸಿದರು. ಅದನ್ನು ನಾನು ಅವಳ ಫೋನಿನಲ್ಲಿ ಕಣ್ಣಾರೆ ನೋಡಿದ್ದೇನೆ. ಮೇಲ್ಗಡೆ ಹೆಸರಾಂತ ನಿರ್ಮಾಣ ಸಂಸ್ಥೆಯೊಂದರ ಲೋಗೊ, ಕದ್ದು ಅಂಟಿಸಿದ್ದು. ಕೆಳಗೆ ಸಿನಿಮಾದ ಪೋಸ್ಟರ್, ಐದು ಸ್ಟಾರ್, ಒಂದು ನೀಲಿ ಬಟನ್. ಒತ್ತಿದರೆ ಕಮಿಷನ್ ಸೇರಿ ಮುಂದಿನ ಪೋಸ್ಟರ್ ಬರುತ್ತದೆ. ಕನ್ನಡ, ತೆಲುಗು, ಕೊರಿಯನ್, ಇಂಗ್ಲಿಷ್ ಎಲ್ಲವೂ ಕಲಸುಮೇಲೋಗರ. ನೋಡಿದ್ದೀರಾ ಎಂಬ ಪ್ರಶ್ನೆ ಇಲ್ಲ. ಎರಡು ಸ್ಟಾರ್ ಕೊಡಲು ಹೋದರೆ ಮೆಂಟರ್ ತಕ್ಷಣ "ಮೇಡಂ, ಐದೇ ಕೊಡಬೇಕು" ಎನ್ನುತ್ತಾನೆ. ಅಭಿಪ್ರಾಯ ಬರೆಯಲು ಒಂದು ಸಾಲಿನ ಜಾಗವೂ ಆ ಪುಟದಲ್ಲಿಲ್ಲ. ಸಿನಿಮಾ ಪ್ರೀತಿಸುವ ಎಲ್ಲರಿಗೂ ನಾನು ಹೇಳಬೇಕಾದ ಗುರುತು ಇದೇ. ಎಲ್ಲಿ ನಿಮ್ಮ ಅಭಿಪ್ರಾಯ ಯಾರಿಗೂ ಬೇಡವೋ, ಆದರೂ ಅದಕ್ಕೆ ದುಡ್ಡು ಕೊಡುತ್ತೇವೆ ಎನ್ನುತ್ತಾರೋ, ಅಲ್ಲಿ ಅವರಿಗೆ ಬೇಕಿರುವುದು ನಿಮ್ಮ ಬ್ಯಾಂಕ್ ಖಾತೆ.

ದುಡ್ಡು ಕಟ್ಟಿಸುವುದು ಶುರುವಾದದ್ದು 'ಪ್ರೀಪೇಯ್ಡ್ ಟಾಸ್ಕ್' ಹೆಸರಿನಲ್ಲಿ. ಚಿತ್ರದ ಟಿಕೆಟ್ ಮಾರಾಟ ಹೆಚ್ಚಿಸಲು ಮೊದಲು ನೀವು ಸಾವಿರ ಕಟ್ಟಿ, 1,300 ವಾಪಸ್ ಬರುತ್ತದೆ ಎಂದರು. ಬಂತು. ಮೂರು ಸಾವಿರ ಕಟ್ಟಿದಳು, 3,900 ಬಂತು. ಮೂರನೆಯ ಸಲ 12,000 ಕಟ್ಟಿದಾಗ ನಡುವೆ 'ಕಾಂಬೊ' ಚಿತ್ರ ಎಂದು ಒಂದು ಬಂತು. ಅದರ ಬೆಲೆ ಅವಳ ಬ್ಯಾಲೆನ್ಸಿಗಿಂತ ಜಾಸ್ತಿ, ಪರದೆಯ ಮೇಲೆ ಮೈನಸ್ ತೋರಿಸಿತು. ಇದು ಅದೃಷ್ಟದ ಟಾಸ್ಕ್, ಕಮಿಷನ್ ಐದು ಪಟ್ಟು, ಆದರೆ ಮೈನಸ್ ತುಂಬದೆ ಏನನ್ನೂ ತೆಗೆಯಲಾಗದು ಎಂದ ಮೆಂಟರ್. 38,000 ತುಂಬಿದಳು. ಇನ್ನೊಂದು ಕಾಂಬೊ. 95,000. ಮತ್ತೊಂದು. ಬಳೆ ಅಡವಿಟ್ಟು 1.40 ಲಕ್ಷ ತುಂಬಿದಳು. ಅಷ್ಟು ಹೊತ್ತಿಗೆ ವೆಬ್‌ಸೈಟಿನಲ್ಲಿ ಅವಳ ಹೆಸರಿನಲ್ಲಿ 5.2 ಲಕ್ಷ ತೋರಿಸುತ್ತಿತ್ತು. ತೆಗೆಯಲು ಹೋದರೆ 'ಕ್ರೆಡಿಟ್ ಸ್ಕೋರ್' ಕಡಿಮೆ ಇದೆ, ತೆರಿಗೆ ಬಾಕಿ ಇದೆ, 90,000 ಕಟ್ಟಿ ಎಂದರು. ಅದನ್ನೂ ಕಟ್ಟಿದಳು.

ಹೊರಗಿನಿಂದ ನೋಡುವವರಿಗೆ ಇದು ಹುಚ್ಚು ಅನ್ನಿಸುತ್ತದೆ. ಒಳಗಿದ್ದವರಿಗೆ ಪ್ರತಿ ಸಲವೂ ಕಾಣುವುದು ಒಂದೇ ಲೆಕ್ಕ. ಈಗ ನಿಲ್ಲಿಸಿದರೆ ಹಾಕಿದ್ದೆಲ್ಲ ಹೋಗುತ್ತದೆ, ಇನ್ನೊಂದೇ ಒಂದು ಸಲ ಕಟ್ಟಿದರೆ ಎಲ್ಲ ಬರುತ್ತದೆ. ಜೊತೆಗೆ ಟೈಮರ್ ಬೇರೆ. ಮೂವತ್ತು ನಿಮಿಷದಲ್ಲಿ ಕಟ್ಟದಿದ್ದರೆ ಖಾತೆ ಲಾಕ್. ಮನೆಯವರ ಹತ್ತಿರ ಹೇಳಿ ಕೇಳಲು ಸಮಯವನ್ನೇ ಕೊಡುವುದಿಲ್ಲ.

ಸಿನಿಮಾ ರೇಟಿಂಗ್ ಎಂಬ ವೇಷ ನಂಬಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ರೇಟಿಂಗ್‌ಗಾಗಿ ನಿಜವಾಗಿಯೇ ಜಟಾಪಟಿ ನಡೆಯುತ್ತಿರುವ ಕಾಲ ಇದು. ಉದ್ದೇಶಪೂರ್ವಕವಾಗಿ ಕೆಟ್ಟ ವಿಮರ್ಶೆ ಹಾಕಿಸಿ ಚಿತ್ರ ಕೊಲ್ಲುತ್ತಾರೆ ಎಂದು 2023ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಪ್ರಕರಣ ಬಂದಿತ್ತು. ಬಿಡುಗಡೆಯಾದ ಮೊದಲ ಮೂರು ದಿನ ವಿಮರ್ಶೆಯೇ ಬೇಡ ಎಂದು ತಮಿಳು ನಿರ್ಮಾಪಕರು 2024ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋಗಿದ್ದರು, ಕೋರ್ಟು ಅಂಥ ನಿಷೇಧಕ್ಕೆ ಒಪ್ಪಲಿಲ್ಲ. ನಮ್ಮಲ್ಲೇ 2025ರ ಡಿಸೆಂಬರಿನಲ್ಲಿ ತೆರೆಕಂಡ ದೊಡ್ಡ ಚಿತ್ರವೊಂದಕ್ಕೆ ನ್ಯಾಯಾಲಯದ ಆದೇಶದ ಮೇಲೆ ಬುಕ್‌ಮೈಶೋದಲ್ಲಿ ರೇಟಿಂಗನ್ನೇ ಮುಚ್ಚಿದ್ದರು. ಇದನ್ನೆಲ್ಲ ಓದಿಕೊಂಡಿದ್ದವಳಿಗೆ "ನಿರ್ಮಾಪಕರು ರೇಟಿಂಗ್ ಏರಿಸಲು ದುಡ್ಡು ಕೊಡುತ್ತಾರೆ" ಎಂಬ ಮಾತು ಸುಳ್ಳು ಎನ್ನಿಸಲಿಲ್ಲ. ಸಿನಿಮಾ ಸುದ್ದಿ ಏನೂ ಗೊತ್ತಿಲ್ಲದವರಿಗಿಂತ ಗೊತ್ತಿದ್ದವರಿಗೇ ಈ ಕತೆ ಬೇಗ ಒಪ್ಪಿಗೆಯಾಗುತ್ತದೆ. ಆದ್ದರಿಂದ ನಿಮ್ಮ ಬಳಗದಲ್ಲಿ ಸಿನಿಮಾ ಹುಚ್ಚಿನವರು ಯಾರಿದ್ದಾರೋ ಅವರಿಗೆ ಇದನ್ನು ಮೊದಲು ಕಳಿಸಿ.

ನಿಜವಾದ ಕಡೆ ಹೇಗಿರುತ್ತದೆ ಎಂಬುದು ಗೊತ್ತಿರಲಿ. ಸಿನಿಮಾ ಮಾಹಿತಿಯ ಜಾಲತಾಣ ಐಎಂಡಿಬಿಯಲ್ಲಿ ಯಾರು ಬೇಕಾದರೂ ಖಾತೆ ತೆರೆದು ಒಂದರಿಂದ ಹತ್ತರವರೆಗೆ ಅಂಕ ಕೊಡಬಹುದು. ಎಲ್ಲ ಮತಗಳಿಗೂ ಒಂದೇ ತೂಕ ಇರುವುದಿಲ್ಲ, ಅನುಮಾನದ ಮತಗಳ ಪ್ರಭಾವ ತಗ್ಗಿಸುವ ಲೆಕ್ಕಾಚಾರ ಅಲ್ಲಿದೆ, ಆ ಸೂತ್ರವನ್ನು ಅವರು ಹೊರಗೆ ಹೇಳುವುದಿಲ್ಲ. ಬುಕ್‌ಮೈಶೋದಲ್ಲೂ ನೋಡಿದವರು ಅಂಕ ಹಾಕುತ್ತಾರೆ. ಎರಡೂ ಕಡೆ ಅಂಕ ಹಾಕಿದ ಪ್ರೇಕ್ಷಕರಿಗೆ ಒಂದು ಪೈಸೆ ಸಿಗುವುದಿಲ್ಲ, ಅಂಕ ಹಾಕಲು ಒಂದು ಪೈಸೆ ಕೊಡಬೇಕಾಗಿಯೂ ಇಲ್ಲ. ರೇಟಿಂಗ್ ಕೊಡಲು ನಿಮ್ಮಿಂದ ಮುಂಗಡ ಕೇಳುವ ನೌಕರಿ ಈ ದೇಶದಲ್ಲಿ ಎಲ್ಲೂ ಇಲ್ಲ. ಇಂಥ 'ಟಾಸ್ಕ್' ವೆಬ್‌ಸೈಟುಗಳು ನೂರಕ್ಕೂ ಹೆಚ್ಚನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಒಟ್ಟಿಗೆ ಮುಚ್ಚಿಸಿತ್ತು. ಹೆಸರು ಬದಲಿಸಿಕೊಂಡು ಮತ್ತೆ ಬರುತ್ತಲೇ ಇವೆ. ಇವತ್ತು ಸಿನಿಮಾ ಅಂದವರು ನಾಳೆ ಹೋಟೆಲ್ ರೇಟಿಂಗ್, ಗೂಗಲ್ ಮ್ಯಾಪ್ ರಿವ್ಯೂ ಎನ್ನುತ್ತಾರೆ. ಒಳಗಿನ ವ್ಯವಹಾರ ಒಂದೇ.

ನಮಗೆ ವಿಷಯ ಗೊತ್ತಾದದ್ದು ಅವಳು ನನ್ನ ಹತ್ತಿರ ಐವತ್ತು ಸಾವಿರ ಸಾಲ ಕೇಳಿದಾಗ. ಯಾಕಮ್ಮ ಎಂದರೆ ಮಾತೇ ಇಲ್ಲ, ಅಳು. ತೊಂಬತ್ತು ಸಾವಿರ ಕಟ್ಟಿ ಆಗಲೇ ಎರಡು ದಿನ ಕಳೆದಿತ್ತು. ಮೋಸ ಎಂದು ಅದರಲ್ಲಿ ಮೊದಲ ದಿನವೇ ಅವಳಿಗೆ ಗೊತ್ತಾಗಿತ್ತು. ಹೇಳಲು ನಾಚಿಕೆ, ಭಯ. ಗಂಡನಿಗೆ ಏನನ್ನಲಿ, ಅತ್ತೆಗೆ ಬಳೆ ಎಲ್ಲಿ ಎಂದು ತೋರಿಸಲಿ ಎಂದು ಆ ಎರಡು ದಿನ ಒಬ್ಬಳೇ ಒದ್ದಾಡಿದ್ದಾಳೆ. ದುಡ್ಡು ಕೈಬಿಟ್ಟದ್ದು ಆ ಎರಡು ದಿನಗಳಲ್ಲಿ. ನೀವು ಕಳಿಸಿದ ಹಣ ವಂಚಕರು ಬೇರೆಯವರಿಂದ ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಹತ್ತು ಖಾತೆಗಳಿಗೆ ಹಂಚಿಹೋಗಲು ಕೆಲವೇ ಗಂಟೆ ಸಾಕು. ಅಷ್ಟರೊಳಗೆ 1930ಕ್ಕೆ ದೂರು ಹೋದರೆ ಬ್ಯಾಂಕುಗಳಿಗೆ ಸೂಚನೆ ಹೋಗಿ, ಎಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ತಡೆಹಿಡಿಯುತ್ತಾರೆ. ತಡವಾದಷ್ಟೂ ಉಳಿದಿರುವುದು ಕಡಿಮೆ.

ನೆಂಟರಲ್ಲಿ ಕೆಲವರು "ದುರಾಸೆ, ಇನ್ನೇನಾಗತ್ತೆ" ಎಂದರು. ಈ ಮಾತು ನನಗೆ ಸಹಿಸಲಾಗಲಿಲ್ಲ. ಮಗುವನ್ನು ಮಲಗಿಸಿ ಸಿಕ್ಕ ಒಂದು ಗಂಟೆಯಲ್ಲಿ ನಾಲ್ಕು ಕಾಸು ದುಡಿಯೋಣ ಎಂದುಕೊಂಡದ್ದು ದುರಾಸೆಯಲ್ಲ. ಮೋಸ ಮಾಡಿದವರನ್ನು ಬಿಟ್ಟು ಮೋಸಹೋದವರನ್ನು ಬಯ್ಯುವ ಮನೆಗಳಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಬಾಯಿ ಬಿಡದಿದ್ದರೆ 1930ಕ್ಕೆ ಫೋನ್ ಹೋಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಬಂದು ಹೇಳಿಕೊಂಡರೆ ಬಯ್ಗುಳ ಬೇಡ, ಮೊದಲು ಫೋನ್.

ನಾವು 1930ಕ್ಕೆ ಹೇಳಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ತುಂಬಿ, ಆ ದೂರಿನ ಸಂಖ್ಯೆ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋದೆವು. ಅಲ್ಲಿ ಕೇಳಿದ್ದು ಪ್ರತಿ ವರ್ಗಾವಣೆಯ ಯುಟಿಆರ್ ನಂಬರ್ (ಆ ವರ್ಗಾವಣೆಯ ಗುರುತಿನ ಸಂಖ್ಯೆ), ಬ್ಯಾಂಕ್ ಸ್ಟೇಟ್‌ಮೆಂಟ್, ಹಣ ಹೋದ ಯುಪಿಐ ಐಡಿ, ಚಾಟ್‌ಗಳ ಸ್ಕ್ರೀನ್‌ಶಾಟ್, ವೆಬ್‌ಸೈಟ್ ವಿಳಾಸ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಗ್ರೂಪಿನಿಂದ ಹೊರಗೆ ಬರುವ ಮುಂಚೆ ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ಟೆಲಿಗ್ರಾಮ್‌ನಲ್ಲಿ ಅವರ ಕಡೆಯಿಂದಲೂ ಇಡೀ ಸಂಭಾಷಣೆಯನ್ನು ಎರಡೂ ಕಡೆ ಅಳಿಸಿಹಾಕಬಹುದು. ಇವಳ ಮೆಂಟರ್ ಅರ್ಧ ಚಾಟ್ ಹಾಗೆಯೇ ಅಳಿಸಿದ್ದ, ಮೊದಲೇ ತೆಗೆದಿಟ್ಟಿದ್ದ ಕೆಲವು ಸ್ಕ್ರೀನ್‌ಶಾಟ್‌ಗಳೇ ಕೈಹಿಡಿದವು.

ನಮ್ಮ ಕಣ್ಣಿಗೆ ಬೀಳದಿದ್ದ ಇನ್ನೊಂದು ತೊಂದರೆ ಆಮೇಲೆ ಬಂತು. ಮೊದಲ ದಿನಗಳಲ್ಲಿ ಅವಳಿಗೆ ಬಂದಿದ್ದ 150, 1,300, 3,900 ರೂಪಾಯಿಗಳು ಬೇರೆ ಯಾರಿಂದಲೋ ಮೋಸ ಮಾಡಿ ತೆಗೆದ ದುಡ್ಡು. ಆ ಇನ್ಯಾರೋ ಬೇರೆ ರಾಜ್ಯದಲ್ಲಿ ದೂರು ಕೊಟ್ಟಾಗ ಹಣದ ಜಾಡು ಇವಳ ಖಾತೆಗೂ ಬಂದು, ಬ್ಯಾಂಕು ಅವಳ ಖಾತೆಯ ಮೇಲೂ ತಡೆ ಹಾಕಿತು. ಗ್ಯಾಸ್ ಸಬ್ಸಿಡಿಯಿಂದ ಹಿಡಿದು ಎಲ್ಲವೂ ಆ ಖಾತೆಗೇ ಬರುತ್ತಿದ್ದದ್ದು. ತಡೆ ತೆಗೆಸಲು ತಾನೂ ಮೋಸಹೋದವಳೇ ಎಂದು ದೂರಿನ ಪ್ರತಿಯೊಡನೆ ಬ್ಯಾಂಕಿಗೂ ಆ ರಾಜ್ಯದ ಪೊಲೀಸರಿಗೂ ಬರೆಯಬೇಕಾಯಿತು. "ನಾನು ದುಡ್ಡು ಹಾಕಲ್ಲ, ಫ್ರೀ ಟಾಸ್ಕ್ ಮಾತ್ರ ಮಾಡಿ ನೂರೈವತ್ತು ತಗೊಂಡು ಬಿಟ್ಟುಬಿಡ್ತೀನಿ" ಎಂದು ಜಾಣತನ ಮಾಡುವ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಆ ನೂರೈವತ್ತಕ್ಕೆ ನಿಮ್ಮ ಸಂಬಳದ ಖಾತೆ ನಿಂತುಹೋಗಬಹುದು.

ಒಟ್ಟು ಹಣದಲ್ಲಿ ಈವರೆಗೆ ಬ್ಯಾಂಕುಗಳಲ್ಲಿ ತಡೆಹಿಡಿದಿರುವುದು ನಲವತ್ತು ಸಾವಿರದ ಆಸುಪಾಸು. ಅದು ಕೈಗೆ ಬರಲು ಅರ್ಜಿ ಹಾಕಿದ್ದೇವೆ. ಅವಳೇ ಪಿನ್ ಒತ್ತಿ ಕಳಿಸಿದ ಹಣವಾದ್ದರಿಂದ ಬ್ಯಾಂಕು ತನ್ನ ಜವಾಬ್ದಾರಿ ಇಲ್ಲ ಎಂದಿದೆ. ಬಳೆಯ ಸಾಲವನ್ನು ಗಂಡ ತಿಂಗಳು ತಿಂಗಳು ಕಟ್ಟುತ್ತಿದ್ದಾರೆ.

ಕೊನೆಯದಾಗಿ ಒಂದು. ದೂರು ಕೊಟ್ಟ ಮೇಲೆ ಅವಳಿಗೆ ಇನ್ನೊಂದು ಫೋನ್ ಬಂತು. "ಸೈಬರ್ ಸೆಲ್‌ನಿಂದ, ನಿಮ್ಮ ಪೂರ್ತಿ ಹಣ ಪತ್ತೆಯಾಗಿದೆ, ಬಿಡುಗಡೆಗೆ 8,500 ಶುಲ್ಕ ಕಟ್ಟಿ" ಅಂತ. ಒಮ್ಮೆ ಮೋಸಹೋದವರ ನಂಬರುಗಳು ಇಂಥವರ ನಡುವೆ ಕೈಬದಲಾಗುತ್ತವೆ. ಪೊಲೀಸರು ಹಣ ವಾಪಸ್ ಕೊಡಿಸಲು ಶುಲ್ಕ ಕೇಳುವುದಿಲ್ಲ, ನ್ಯಾಯಾಲಯದ ಆದೇಶ ಬಂದರೂ ಹಣ ನೇರ ಬ್ಯಾಂಕಿಗೆ ಬರುತ್ತದೆ. ಅವಳು ಆ ನಂಬರನ್ನು ಬರೆದಿಟ್ಟುಕೊಂಡು, ಮರುದಿನ ಬೆಳಿಗ್ಗೆ ತಾನೇ ಸಿಇಎನ್ ಠಾಣೆಗೆ ಹೋಗಿ ಹಳೆಯ ದೂರಿಗೆ ಅದನ್ನೂ ಸೇರಿಸಿ ಬಂದಳು.